ಸೆಕೆಂಡ್ ಹ್ಯಾಂಡ್ ಟರ್ಬೊ ಕಾರಿಗೆ ಅಡ್ವಾನ್ಸ್ ಕೊಡುವ ಮುಂಚೆ ಒಂದು ಏರು ಹತ್ತಿಸಿ ನೋಡಿ

ಕಳೆದ ಜುಲೈನಲ್ಲಿ ಹೆಂಡತಿ ಮತ್ತು ನಾಲ್ಕು ವರ್ಷದ ಮಗಳ ಜೊತೆ ಸುಳ್ಯ–ಮಡಿಕೇರಿ ನಡುವಿನ ಸಂಪಾಜೆ ಘಾಟಿಯಲ್ಲಿ ಎರಡೂವರೆ ಗಂಟೆ ಸಿಕ್ಕಿಹಾಕಿಕೊಂಡಿದ್ದೆ. ಜೋಡುಪಾಲದ ಹತ್ತಿರ. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದು ಜೀವ ಹೋದ ಜಾಗ ಅದು. ಜೋರು ಮಳೆ ಬಂದಾಗ ಅಲ್ಲಿ ಯಾರೂ ನಿಲ್ಲಲು ಇಷ್ಟಪಡುವುದಿಲ್ಲ. ನಮ್ಮ ಕಾರು ಮುಂದಕ್ಕೆ ಹೋಗಲಿಲ್ಲ, ಅದಕ್ಕೆ ನಿಂತೆವು.

ಕಾರು ಆರು ಗೇರಿನ ಮ್ಯಾನುವಲ್, ಟರ್ಬೊ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಟರ್ಬೊ ಅಂದರೆ ಎಂಜಿನ್ನಿಗೆ ಗಾಳಿ ಒತ್ತಿ ತುಂಬಿ ಶಕ್ತಿ ಹೆಚ್ಚಿಸುವ ಯಂತ್ರ. ಮಾರ್ಚ್‌ನಲ್ಲಿ ಬೆಂಗಳೂರಿನಿಂದ ತಂದಿದ್ದೆ. 41,000 ಕಿ.ಮೀ. ಓಡಿತ್ತು. "ಸಿಂಗಲ್ ಓನರ್ ಸರ್, ಕಂಪನಿಯಿಂದ ಬಂದ ಹಾಗೇ ಇದೆ, ಒಂದು ಸ್ಕ್ರೂ ಕೂಡ ಮುಟ್ಟಿಲ್ಲ" ಅಂದರು ಮಾರಿದವರು. ಭಾನುವಾರ ಬೆಳಿಗ್ಗೆ ಖಾಲಿ ರಸ್ತೆಯಲ್ಲಿ ಹತ್ತು ನಿಮಿಷ ಓಡಿಸಿ ನೋಡಿದೆ. ಚೂರೂ ಏರಿಲ್ಲದ ರಸ್ತೆ. ಕಾಲಿಟ್ಟ ಕೂಡಲೇ ಬಾಣದ ಹಾಗೆ ಹೋಯಿತು. ಅಲ್ಲೇ ಮನಸೋತೆ.

ಆ ಕಾರಿನ ಮೇಲೆ ನನಗೆ ಈಗಲೂ ಪ್ರೀತಿ ಇದೆ. ಭಾಗಮಂಡಲ ರಸ್ತೆಯ ತಿರುವಿನಲ್ಲಿ ಮೂರನೇ ಗೇರಿಗೆ ಇಳಿಸಿ ಹೊರಗೆ ಬರುವಾಗಿನ ಖುಷಿ ಬೇರೆ ಯಾವ ಕಾರಿನಲ್ಲೂ ನನಗೆ ಸಿಕ್ಕಿಲ್ಲ. ದಿನಾ ಆಫೀಸಿಗೆ, ಸಂತೆಗೆ, ಮಗಳ ಶಾಲೆಗೆ ಎಲ್ಲದಕ್ಕೂ ಅದೇ. ಕ್ಲಚ್ ಪೆಡಲ್ ಮಾತ್ರ ತುಂಬ ಮೇಲೆ ಬಂದ ಮೇಲೆ ಕಚ್ಚುತ್ತಿತ್ತು. ಈ ಕಾರು ಹೀಗೇ ಇರಬೇಕು ಅಂದುಕೊಂಡು ಸುಮ್ನೆ ಬಿಟ್ಟೆ. ಅದು ಕ್ಲಚ್ ಸವೆದಿರುವ ಲಕ್ಷಣ. ಅಲ್ಲೇ ನಾನು ತಪ್ಪಿದ್ದು.

ಅವತ್ತು ಸುಳ್ಯದಲ್ಲಿರುವ ಹೆಂಡತಿಯ ತವರಿನಿಂದ ಮಡಿಕೇರಿಗೆ ವಾಪಸ್ ಬರುತ್ತಿದ್ದೆವು. ಡಿಕ್ಕಿ ತುಂಬ ಹಲಸು, ತೆಂಗಿನಕಾಯಿ. ಕೊಯನಾಡು ದಾಟಿ ಏರು ಶುರುವಾಗಿ ಸ್ವಲ್ಪ ಹೊತ್ತಾಗಿತ್ತು. ಲಾರಿಯೊಂದನ್ನು ದಾಟಲು ಆಕ್ಸಿಲರೇಟರ್ ಒತ್ತಿದೆ. ಎಂಜಿನ್ ಎಷ್ಟು ವೇಗವಾಗಿ ತಿರುಗುತ್ತಿದೆ ಅಂತ ತೋರಿಸುವ ಆರ್‌ಪಿಎಂ ಮುಳ್ಳು 2,500ರಿಂದ 4,500ಕ್ಕೆ ಹಾರಿತು. ಸ್ಪೀಡ್ ಮಾತ್ರ 40ರಿಂದ 30ಕ್ಕೆ, 20ಕ್ಕೆ ಇಳಿಯಿತು. ಎಂಜಿನ್ ಕೂಗುತ್ತಿದೆ, ಕಾರು ಏಳುತ್ತಿಲ್ಲ. "ಏನ್ರೀ ಇದು, ಏನೋ ಸುಡ್ತಾ ಇದೆ" ಅಂದಳು ಹೆಂಡತಿ. ಎಸಿ ಕಿಂಡಿಯಿಂದ ಘಾಟು ವಾಸನೆ ಬರುತ್ತಿತ್ತು. ಆಮೇಲೆ ಮೊದಲನೇ ಗೇರ್‌ನಲ್ಲೂ ಚಕ್ರ ತಿರುಗಲಿಲ್ಲ. ಹ್ಯಾಂಡ್‌ಬ್ರೇಕ್ ಎಳೆದು, ಮಳೆಯಲ್ಲಿ ಇಳಿದು, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟೆ. ನೆಟ್‌ವರ್ಕ್ ಇರಲಿಲ್ಲ. ಘಾಟಿ ಇಳಿಯುತ್ತಿದ್ದ ಪಿಕಪ್‌ನವರೊಬ್ಬರು ನಿಲ್ಲಿಸಿ ಭಾವನ ನಂಬರ್ ಬರೆದುಕೊಂಡು ಹೋದರು. ಸಂಪಾಜೆ ತಲುಪಿದ ಮೇಲೆ ನೆನಪಿಟ್ಟು ಫೋನ್ ಮಾಡಿದರು. ಅವರ ಹೆಸರೂ ಕೇಳಲಿಲ್ಲ ನಾನು. ಅವರಿಗೆ ಒಳ್ಳೆಯದಾಗಲಿ.

ಕಾರನ್ನು ಮೈಸೂರಿಗೆ ಲಾರಿಯ ಮೇಲೆ ಕಳಿಸಬೇಕಾಯಿತು. ನನ್ನ ಇನ್ಶೂರೆನ್ಸಿನ ರೋಡ್‌ಸೈಡ್ ಸಹಾಯ 50 ಕಿ.ಮೀ.ವರೆಗೆ ಮಾತ್ರ. ಉಳಿದ ದೂರಕ್ಕೆ ಕೈಯಿಂದ ಕೊಟ್ಟೆ. ಕ್ಲಚ್ ಸವೆತಕ್ಕೆ ಇನ್ಶೂರೆನ್ಸ್ ಒಂದು ಪೈಸೆಯನ್ನೂ ಕೊಡುವುದಿಲ್ಲ, ಅದೂ ಆಗಲೇ ಗೊತ್ತಾಗಿದ್ದು.

ಗೇರ್‌ಬಾಕ್ಸ್ ಇಳಿಸಿದ ಮೇಲೆ ಮೆಕ್ಯಾನಿಕ್ ನನ್ನನ್ನು ಕರೆದು ತೋರಿಸಿದ. ಕ್ಲಚ್ ಪ್ಲೇಟ್ ರಿವೆಟ್‌ವರೆಗೂ ಸವೆದಿತ್ತು. ಅದು ಒತ್ತಿಕೊಳ್ಳುವ ಫ್ಲೈವೀಲ್ (ಎಂಜಿನ್ ತಿರುಗಿಸುವ ಭಾರದ ಚಕ್ರ) ಮೇಲೆ ಬಿಸಿಗೆ ಬಂದ ನೀಲಿ ಕಲೆಗಳು. ಆಮೇಲೆ ಬಾನೆಟ್ ಕೆಳಗೆ ಟಾರ್ಚ್ ಹಿಡಿದು, ಎಂಜಿನ್ ಕಂಪ್ಯೂಟರಿನ ಡಬ್ಬಿ ತೋರಿಸಿದ. ಅದರ ನಾಲ್ಕೂ ಸ್ಕ್ರೂಗಳ ತಲೆ ಉಜ್ಜಿ ಹೊಳೆಯುತ್ತಿತ್ತು. "ಅಣ್ಣಾ, ಇದನ್ನ ಯಾರೋ ಬಿಚ್ಚಿ ಟ್ಯೂನ್ ಮಾಡ್ಸಿದ್ದಾರೆ. ನಿಮಗೆ ಹೇಳ್ಲಿಲ್ವಾ?"

ಟ್ಯೂನ್ ಅಂದರೆ ಕಂಪ್ಯೂಟರಿನ ಪ್ರೋಗ್ರಾಂ ಬದಲಿಸಿ, ಟರ್ಬೊದಿಂದ ಜಾಸ್ತಿ ಗಾಳಿ, ಅದಕ್ಕೆ ತಕ್ಕಷ್ಟು ಪೆಟ್ರೋಲ್ ಕೊಡಿಸುವುದು. ಟಾರ್ಕ್, ಅಂದರೆ ಎಂಜಿನ್ ತಿರುಗಿಸುವ ಬಲ, ಏರುತ್ತದೆ, ಕ್ಲಚ್ ಮಾತ್ರ ಕಂಪನಿಯ ಲೆಕ್ಕದ್ದೇ. ಮೊದಲೇ ಬೆಂಗಳೂರಿನ ಟ್ರಾಫಿಕ್‌ನಲ್ಲಿ ಹಾಫ್ ಕ್ಲಚ್‌ನಲ್ಲಿ (ಪೆಡಲ್ ಅರ್ಧ ಒತ್ತಿ ಹಿಡಿದು) ಸವೆದ ಪ್ಲೇಟು, ಅದರ ಮೇಲೆ ಈ ಹೊರೆ. ಮಟ್ಟಸ ರಸ್ತೆಯಲ್ಲಿ ಹೇಗೋ ತಡೆದುಕೊಂಡಿತ್ತು, ನಮ್ಮ ಏರಿಗೆ ತಡೆಯಲಿಲ್ಲ. ನಾನೂ ಮಡಿಕೇರಿಯ ಇಳಿಜಾರು ರಸ್ತೆಗಳಲ್ಲಿ ಹ್ಯಾಂಡ್‌ಬ್ರೇಕ್ ಹಾಕದೆ ಕ್ಲಚ್ ಮೇಲೆಯೇ ಕಾರು ನಿಲ್ಲಿಸುತ್ತಿದ್ದೆ. ಅದೂ ಸೇರಿತು.

ಕ್ಲಚ್ ಸೆಟ್, ಫ್ಲೈವೀಲ್, ಲೇಬರ್, ಸಾಗಾಣಿಕೆ ಎಲ್ಲ ಸೇರಿ 72,000 ರೂಪಾಯಿ. ಪಾರ್ಟ್ಸ್ ಬರಲು 19 ದಿನ. ಮಾರಿದವರಿಗೆ ಫೋನ್ ಮಾಡಿದೆ. "ನನಗೆ ಗೊತ್ತಿಲ್ಲ, ಹಿಂದಿನ ಓನರ್ ಮಾಡ್ಸಿರಬೇಕು" ಅಂದರು. ಸಿಂಗಲ್ ಓನರ್ ಅಂದವರು ಇವರೇ ಅಲ್ವಾ? ಆಮೇಲೆ ಫೋನ್ ಎತ್ತಲೇ ಇಲ್ಲ.

ಇಂಥ ಕಾರು ನೋಡಲು ಹೋಗುವವರು ದಯವಿಟ್ಟು ಇಷ್ಟು ಮಾಡಿ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಹಿಂದೆ ಮುಂದೆ ಗಾಡಿ ಇಲ್ಲದ ಏರಿನಲ್ಲಿ, ನಾಲ್ಕನೇ ಗೇರಿಗೆ ಹಾಕಿ 40–50ರ ವೇಗದಿಂದ ಆಕ್ಸಿಲರೇಟರ್ ಪೂರ್ತಿ ಒತ್ತಿ. ಆರ್‌ಪಿಎಂ ಮತ್ತು ಸ್ಪೀಡ್ ಜೊತೆಜೊತೆಗೇ ಏರಬೇಕು. ಮುಳ್ಳು ಒಂದೇ ಹಾರಿದರೆ ಕ್ಲಚ್ ಜಾರುತ್ತಿದೆ ಅಂತ ಅರ್ಥ. ಒಂದು, ಎರಡನೇ ಗೇರ್‌ನಲ್ಲಿ ನೋಡಿ ಸಮಾಧಾನ ಪಟ್ಟುಕೊಳ್ಳಬೇಡಿ. ಚಿಕ್ಕ ಗೇರ್‌ನಲ್ಲಿ ಕಾರು ಸುಲಭವಾಗಿ ಮುಂದೆ ಹೋಗುತ್ತದೆ, ಕ್ಲಚ್ ಮೇಲೆ ಅಷ್ಟು ಭಾರ ಬೀಳುವುದಿಲ್ಲ. ಜಾರುವುದು ಮೊದಲು ಕಾಣುವುದು ದೊಡ್ಡ ಗೇರ್‌ನಲ್ಲೇ. ಬಾನೆಟ್ ತೆಗೆಸಿ ಕಂಪ್ಯೂಟರ್ ಡಬ್ಬಿಯ ಸ್ಕ್ರೂ ನೋಡಿ. ಟ್ಯೂನ್ ಆಗಿದೆಯಾ ಅಂತ ಬಾಯಿಬಿಟ್ಟು ಕೇಳಿ, "ಆಗಿಲ್ಲ" ಅಂದರೆ ಅದನ್ನೇ ಮಾರಾಟದ ಕಾಗದದಲ್ಲಿ ಬರೆಸಿಕೊಳ್ಳಿ. ನಾನು ಬರೆಸಿಕೊಂಡಿರಲಿಲ್ಲ, ಅದಕ್ಕೇ ಈಗ ಕೈಯಲ್ಲಿ ಏನೂ ಇಲ್ಲ. ಟ್ಯೂನ್ ಆದ ಕಾರನ್ನು ಗೊತ್ತಿದ್ದೇ ಕೊಂಡರೂ ಇನ್ಶೂರೆನ್ಸ್‌ನವರಿಗೆ ತಿಳಿಸಿ. ಮುಚ್ಚಿಟ್ಟರೆ ನಾಳೆ ಅಪಘಾತವಾದಾಗ ಅದನ್ನೇ ಹಿಡಿದು ಕ್ಲೈಮ್ ತಿರಸ್ಕರಿಸಬಹುದು.

ನಮ್ಮ ಕಾರಿಗೆ ಕಂಪನಿಯ ಹಳೇ ಪ್ರೋಗ್ರಾಂ ಹಾಕಿಸಿದ್ದೇನೆ. ಓಟ ಸ್ವಲ್ಪ ಕಮ್ಮಿಯಾಗಿದೆ, ಸಾಕು. ಮಗಳು ಮಾತ್ರ ಈಗಲೂ ಜೋಡುಪಾಲ ಬಂದ ಕೂಡಲೇ "ಅಪ್ಪಾ, ಕಾರು ನಿಲ್ಲಲ್ಲ ಅಲ್ವಾ?" ಅಂತ ಕೇಳುತ್ತಾಳೆ.

ಮಡಿಕೇರಿ ಸುತ್ತಮುತ್ತ ಯಾರಾದರೂ ಇಂಥ ಕಾರು ನೋಡಲು ಹೊರಟಿದ್ದರೆ ಅಡ್ವಾನ್ಸ್ ಕೊಡುವ ಮುಂಚೆ ನನಗೊಂದು ಮಾತು ಹೇಳಿ. ಭಾನುವಾರವಾದರೆ ನಾನೇ ಜೊತೆಗೆ ಬರುತ್ತೇನೆ.