ಮಗುವಿಗೆ ಹತ್ತಿರವಾಗಲು ಮನೆಯ ಆಟವೋ, ಪೋಷಕರ ತರಬೇತಿಯೋ, ವಿಡಿಯೋ ಮಾರ್ಗದರ್ಶನವೋ?

ಬೌದ್ಧಿಕ ಅಂಗವೈಕಲ್ಯ ಇರುವ ಮಗುವಿನ ಜೊತೆ ನಂಟು ಗಟ್ಟಿಯಾಗಲು ಯಾವ ದಾರಿ ಹಿಡಿಯಲಿ ಎಂದು ಕೇಳಿದ್ದೀರಿ. ಮೂರನ್ನೂ ಪಕ್ಕಪಕ್ಕ ಇಟ್ಟು ನೋಡೋಣ.

ಮನೆಯ ಆಟಕ್ಕೆ ಖರ್ಚಿಲ್ಲ. ದಿನಕ್ಕೆ 15 ನಿಮಿಷ, ಮಗು ಆರಿಸಿದ ಆಟ, ಅದು ಹೋದ ಕಡೆ ನೀವು. ತರಬೇತಿಗೆ ಸಮಯ ಜಾಸ್ತಿ ಬೇಕು. ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ಪೋಷಕರ ತರಬೇತಿಯಲ್ಲಿ 9 ಗುಂಪು ತರಗತಿ, 3 ಮನೆ ಭೇಟಿ ಇವೆ. ಅದು 2ರಿಂದ 9 ವರ್ಷದ ಮಕ್ಕಳ ಪೋಷಕರಿಗೆ. ವಿಡಿಯೋ ದಾರಿ ಅಂದರೆ ನೀವು ಮಗುವಿನ ಜೊತೆ ಆಡುವುದನ್ನು ಚಿತ್ರೀಕರಿಸಿ ಮತ್ತೆ ನೋಡುವುದು; ಅದಕ್ಕೆ ಪಳಗಿದ ತಜ್ಞರೇ ಬೇಕು.

ಸುಲಭ ಯಾವುದು? ಆಟವೇ ಅನಿಸುತ್ತದೆ. ಆದರೆ ಸುಮ್ನೆ ಕಾಯುವುದು ಕಷ್ಟ. ಈ ಮಕ್ಕಳಲ್ಲಿ ಹಲವರ ಸನ್ನೆ ಸಣ್ಣದು, ಉತ್ತರ ತಡವಾಗಿ ಬರುತ್ತದೆ. ಅಷ್ಟರಲ್ಲಿ ನಾವು ಇನ್ನೊಂದು ಪ್ರಶ್ನೆ ಕೇಳಿಬಿಡುತ್ತೇವೆ, ಅಲ್ವಾ? ಮನಸ್ಸಿನಲ್ಲೇ ಹತ್ತು ಎಣಿಸಿ. ವಿಡಿಯೋದ ಬಲ ಇರುವುದೂ ಇಲ್ಲೇ. ನೀವಿಬ್ಬರೂ ಆಡಿದ್ದನ್ನು ತಜ್ಞರ ಜೊತೆ ಮತ್ತೆ ನೋಡುವಾಗ, ಮಗು ನಿಮ್ಮತ್ತ ತಿರುಗಿದ ಆ ಒಂದು ಕ್ಷಣ ಕಣ್ಣಿಗೆ ಬೀಳುತ್ತದೆ. ಎದುರಿಗಿದ್ದಾಗ ಅದು ತಪ್ಪಿಹೋಗಿರುತ್ತದೆ. ನನ್ನ ಮಟ್ಟಿಗೆ ಇದು ದೊಡ್ಡ ವಿಷಯ.

ಬಾಳಿಕೆಯ ಮಾತಿಗೆ ಬಂದರೆ, ಸ್ನಾನ, ಊಟ, ಬಟ್ಟೆ ಹಾಕುವ ಹೊತ್ತಿಗೆ ಬೆಸೆದುಕೊಂಡದ್ದು ಉಳಿಯುತ್ತದೆ. ಕಲಿತದ್ದು ಎಲ್ಲಿಂದ ಬಂದರೂ ಸರಿ.

ಮಗುವಿನ ಸನ್ನೆ ಅರ್ಥವಾಗುತ್ತಿಲ್ಲ ಅನಿಸಿದರೆ ವಿಡಿಯೋ. ಹಟ, ಹೊಡೆತ, ಕಿರುಚಾಟದಿಂದ ದಣಿದಿದ್ದರೆ, ಒಂಟಿ ಅನಿಸುತ್ತಿದ್ದರೆ ಗುಂಪು ತರಬೇತಿ. ಹೊರಗೆ ಹೋಗಲು ಆಗದವರು ಇವತ್ತು ಸಂಜೆಯೇ ಆಟ ಶುರು ಮಾಡಬಹುದು.