ಕೊಳೆತ ತಳಕ್ಕೆ ತೆಳು ಎಪಾಕ್ಸಿ: ಮೂರು ವರ್ಷ ಬಳಸಿದ ಮೇಲೆ

ಪಿಕಪ್ ಟ್ರಕ್ ಮೇಲೆ ಕೂರಿಸುವ ನಮ್ಮ ಕ್ಯಾಂಪರ್‌ಗೆ, ಅಂದರೆ ಪ್ರವಾಸದಲ್ಲಿ ಉಳಿದುಕೊಳ್ಳುವ ಪುಟ್ಟ ಮನೆಗೆ, ಈಗ 22 ವರ್ಷ. ತಳದ ಮರ ಕೊಳೆಯೋಕೆ ಶುರುವಾದಾಗ, ಮರದೊಳಗೆ ಇಳಿದು ಗಟ್ಟಿಯಾಗುತ್ತದಲ್ಲ, ಆ ನೀರಿನಂಥ ತೆಳು ಎಪಾಕ್ಸಿ ತಂದೆ. ಎರಡು ಡಬ್ಬ, ಬೆರೆಸಿ ಹಚ್ಚುವುದು.

ಮೊದಲ ಸಲ ಪೂರ್ತಿ ಹಾಳಾಯಿತು. ಮರ ಒಣಗಿರಬೇಕು ಅಂತ ಡಬ್ಬದ ಮೇಲೆ ಬರೆದಿದ್ದಾರೆ, ಆದರೆ ಕಣ್ಣಿಗೇ ಕಾಣದಷ್ಟು ಚಿಕ್ಕ ಅಕ್ಷರದಲ್ಲಿ. ಮುಟ್ಟಿ ನೋಡಿದೆ, ಒಣಗಿದೆ ಅನಿಸಿತು, ಹಚ್ಚಿಬಿಟ್ಟೆ. ಎರಡು ದಿನ ಬಿಟ್ಟು ಸ್ಕ್ರೂಡ್ರೈವರ್‌ನಿಂದ ಒತ್ತಿದರೆ ಮೇಲಿನ ಪದರ ಚಿಪ್ಪಿನ ಹಾಗೆ ಒಡೆದು, ಒಳಗೆ ಹಸಿ ಹಿಟ್ಟಿನಂಥ ಮರ ಕೈಗೆ ಬಂತು. ನನಗೆ ತುಂಬಾ ಸಿಟ್ಟು ಬಂದದ್ದು ಅದಕ್ಕೂ ಮುಂಚೆ ತಳಕ್ಕೆ ಬಳಿದಿದ್ದ ಕಪ್ಪು ರಬ್ಬರ್ ಕೋಟಿಂಗ್ ಮೇಲೆ. ಚಾವಣಿಯ ಅಂಚಿನಿಂದ ಸೋರಿದ ನೀರು ಗೋಡೆಯೊಳಗೇ ಇಳಿದು ತಳಕ್ಕೆ ಬರುತ್ತಿತ್ತು, ಈ ಕೋಟಿಂಗ್ ಅದನ್ನು ಚೀಲದ ಹಾಗೆ ಹಿಡಿದಿಟ್ಟಿತ್ತು.

ಹಾಗಾಗಿ ಮೊದಲು ಮೇಲಿನ ಸೋರಿಕೆ ನಿಲ್ಲಿಸಿ. ನಾನು ಹಳೆ ಸೀಲೆಂಟ್ ಕೆರೆದು ಅಂಚಿಗೆಲ್ಲಾ ಹೊಸ ಬ್ಯುಟೈಲ್ ಟೇಪ್ (ನೀರು ತಡೆಯುವ ಅಂಟು ರಬ್ಬರ್ ಪಟ್ಟಿ) ಹಾಕಿದೆ. ಕಪ್ಪು ಕೋಟಿಂಗ್ ಪೂರ್ತಿ ಕಿತ್ತು, ಐದು ವಾರ ಫ್ಯಾನ್ ಇಟ್ಟೆ. ತೇವ ಅಳೆಯುವ ಮೀಟರ್ ಶೇ. 12ಕ್ಕಿಂತ ಕೆಳಗೆ ತೋರಿಸಿದ ಮೇಲೇ ಮತ್ತೆ ಡಬ್ಬ ಮುಟ್ಟಿದ್ದು. ಇನ್ನೊಂದು ಮಾತು, ಕ್ಯಾಂಪರ್ ಅನ್ನು ಎತ್ತಿ ನಿಲ್ಲಿಸುವ ಮೂಲೆಯ ಜ್ಯಾಕ್‌ಗಳನ್ನೇ ನಂಬಿ ಅಡಿಗೆ ನುಗ್ಗಬೇಡಿ. ಅವುಗಳ ಬೋಲ್ಟ್ ಕೂತಿರುವುದೇ ಆ ಕೊಳೆಯುವ ಮೂಲೆಗಳಲ್ಲಿ. ದಪ್ಪ ಮರದ ದಿಮ್ಮಿ ಅಡ್ಡಡ್ಡ ಪೇರಿಸಿ ಆಸರೆ ಕೊಡಿ.

ಎರಡನೇ ಸಲ ನೋಡಬೇಕಿತ್ತು! ಎರಡೆರಡು ಬೆರಳಿನ ಅಂತರದಲ್ಲಿ ಸಣ್ಣ ತೂತು ಕೊರೆದು ಸಿರಿಂಜ್‌ನಿಂದ ಬಿಡುತ್ತಾ ಹೋದೆ. ಮರ ಬಾಯಾರಿದ ಹಾಗೆ ಕುಡಿಯಿತು. ಬಿಡುತ್ತಿದ್ದ ಹಾಗೇ ಒಂದು ತೂತಿನ ಸುತ್ತ ಕಪ್ಪಗಿನ ವೃತ್ತ ಹರಡಿ ಪಕ್ಕದ ವೃತ್ತಕ್ಕೆ ತಾಗುತ್ತಿತ್ತು, ನೋಡ್ತಾ ಕೂತರೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ಒಂದೇ ಸಲ ಜಾಸ್ತಿ ಬೆರೆಸಬೇಡಿ, ಕಪ್‌ನಲ್ಲೇ ಬಿಸಿಯಾಗಿ ಗಟ್ಟಿಯಾಗುತ್ತದೆ. ವಾಸನೆ ಜೋರು, ಮಾಸ್ಕ್, ಗ್ಲೌಸ್ ಬೇಕೇ ಬೇಕು.

ಪುಡಿಪುಡಿಯಾದ ಮರಕ್ಕೆ ಇದರಿಂದ ಶಕ್ತಿ ಬರುವುದಿಲ್ಲ. ಜ್ಯಾಕ್ ಬೋಲ್ಟ್, ಕ್ಯಾಂಪರ್ ಅನ್ನು ಟ್ರಕ್‌ಗೆ ಬಿಗಿಯುವ ಟೈಡೌನ್ ಬೋಲ್ಟ್ ಬರುವ ಎರಡು ಮೂಲೆಗೆ ನಾನು ಹೊಸ ಮರವನ್ನೇ ಹಾಕಿದೆ. ಕಬ್ಬಿಣದ ಬ್ರಾಕೆಟ್‌ಗಳಿಗೆ ತುಕ್ಕಿನ ಮೇಲೇ ಬಳಿಯುವ ರಸ್ಟ್ ಕನ್ವರ್ಟರ್ ಸಾಕಾಯಿತು.

ಅಂದಿನಿಂದ ಪ್ರತಿ ಪ್ರವಾಸಕ್ಕೆ ಮುಂಚೆ ಟಾರ್ಚ್ ಹಿಡಿದು ಅಡಿಗೆ ಹೋಗುತ್ತೇನೆ. ಸ್ಕ್ರೂಡ್ರೈವರ್ ಹಿಡಿಯಿಂದ ಒಂದು ಕಡೆಯಿಂದ ಬಡಿಯುತ್ತಾ ಬರುತ್ತೇನೆ. ಗಟ್ಟಿ ಮರ ಟಕ್ ಟಕ್ ಅನ್ನುತ್ತೆ, ಕೊಳೆತದ್ದು ಡಬ್ ಅನ್ನುತ್ತೆ. ಎಪಾಕ್ಸಿ ಕುಡಿದ ಜಾಗ ಮೂರು ವರ್ಷವಾದರೂ ಟಕ್ ಅಂತಲೇ ಹೇಳುತ್ತಿದೆ. ಮನೆಯಲ್ಲಿ ಎಲ್ಲರೂ ಬ್ಯಾಗ್ ತುಂಬುತ್ತಿರುವಾಗ ಅಡಿಯಲ್ಲಿ ಮಲಗಿ ಆ ಸದ್ದು ಕೇಳುವುದೇ ನನಗೆ ಖುಷಿ. ಮುಗಿದರೆ ಇದನ್ನೇ ಮತ್ತೆ ತರುತ್ತೇನೆ, ಹೊಸ ಕ್ಯಾಂಪರ್ ಕೊಳ್ಳುವಷ್ಟು ಹಣವಂತೂ ನನ್ನ ಹತ್ತಿರ ಇಲ್ಲ.

ಹೋದ ವಾರ ಮಾತ್ರ ಎಡ ಹಿಂಬದಿಯಲ್ಲಿ, ನಾನು ಕೈಹಾಕದೇ ಬಿಟ್ಟಿದ್ದ ಒಂದು ಗೇಣು ಜಾಗದಲ್ಲಿ, ಡಬ್ ಅಂತು. ಮೇಲೆ ಹತ್ತಿ ನೋಡಿದರೆ ಟೇಪ್ ಅಂಚು ಎದ್ದಿದೆ. ನಾಳೆ ಅದನ್ನು ಕಿತ್ತು ಹೊಸದು ಹಾಕಿ, ಮತ್ತೆ ಫ್ಯಾನ್ ಇಡಬೇಕು.