ಬೆಟ್ಟ ಹತ್ತುವ ಬಟ್ಟೆ: ಪಾಲಿಯೆಸ್ಟರ್, ಹತ್ತಿ, ಮೆರಿನೊ ಹೋಲಿಕೆ

ಚಾರಣದ ಬಟ್ಟೆಗಳನ್ನು ನಾನೇ ಹೊಲಿದುಕೊಳ್ಳುತ್ತೇನೆ. ಒಂದೇ ಅಳತೆಯ ಟೀ ಶರ್ಟನ್ನು ಪಾಲಿಯೆಸ್ಟರ್, ಹತ್ತಿ, ಮೆರಿನೊ ಉಣ್ಣೆ (ಮೆರಿನೊ ತಳಿಯ ಕುರಿಯ ನಯವಾದ ಉಣ್ಣೆ) ಮೂರರಲ್ಲೂ ಹೊಲಿದು ಹಾಕಿ ನೋಡಿದ್ದೇನೆ. ಮೈಗೆ ತಾಗುವ ಬಟ್ಟೆಗೆ ಪಾಲಿಯೆಸ್ಟರ್‌ನಂಥ ಪ್ಲಾಸ್ಟಿಕ್ ನೂಲು ಬೇಕಿಲ್ಲ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಜಾಕೆಟ್ಟಿನಂಥ ಹೊರಗಿನ ಪದರಕ್ಕೆ ಹೋದ ಹಾಗೆ ಲೆಕ್ಕ ಬದಲಾಗುತ್ತದೆ.

ಬೇಗ ಒಣಗುವುದರಲ್ಲಿ ಪಾಲಿಯೆಸ್ಟರ್ ಮುಂದು. ಅದರ ಎಳೆ ನೀರನ್ನು ಒಳಗೆ ಬಿಟ್ಟುಕೊಳ್ಳುವುದೇ ಇಲ್ಲ ಅನ್ನಬಹುದು. ಆದರೆ ಬೆವರಿನ ಜಿಡ್ಡು ಅದಕ್ಕೆ ಅಂಟಿ ಕೂರುತ್ತದೆ. ಒಗೆದು ಒಣಗಿಸಿದ ಶರ್ಟು ಚೆನ್ನಾಗೇ ಇರುತ್ತದೆ, ಮೈ ಬಿಸಿಯಾದ ಕೂಡಲೇ ಕಂಕುಳಲ್ಲಿ ಹಳೆ ವಾಸನೆ ಎದ್ದು ಬರುತ್ತದೆ. ಒಗೆದಾಗೆಲ್ಲ ಸಣ್ಣ ಪ್ಲಾಸ್ಟಿಕ್ ಎಳೆಗಳು ಉದುರಿ ನೀರು ಸೇರುತ್ತವೆ. ಇದು ನನಗೆ ವಾಸನೆಗಿಂತ ಜಾಸ್ತಿ ನೋವಿನ ವಿಷಯ.

ಹತ್ತಿ ಒಣ ಬಿಸಿಲಿಗೆ ಹಿತ. ಚಳಿ, ಮಳೆ, ಗಾಳಿ ಸೇರಿದರೆ ಬೇಡವೇ ಬೇಡ. ಒದ್ದೆಯಾಗಿ ಮೈಗೆ ಅಂಟಿ, ಮೈಶಾಖವನ್ನೆಲ್ಲ ಎಳೆದುಬಿಡುತ್ತದೆ.

ಮೆರಿನೊ ಬೇರೆಯೇ ಥರ. ತನ್ನ ತೂಕದ ಸುಮಾರು ಶೇ. 30ರಷ್ಟು ತೇವವನ್ನು ಎಳೆಯೊಳಗೇ ಹಿಡಿದಿಟ್ಟುಕೊಳ್ಳುತ್ತದೆ, ಹಾಗಾಗಿ ಮೈಗೆ ತಣ್ಣಗೆ ತಾಗುವುದಿಲ್ಲ. ದಿನಗಟ್ಟಲೆ ಹಾಕಿದರೂ ವಾಸನೆ ಕಡಿಮೆ. ಉಣ್ಣೆ ಚುಚ್ಚುತ್ತದೆ ಅಂತೀರಾ? 19 ಮೈಕ್ರಾನ್‌ಗಿಂತ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು) ತೆಳುವಾದ ಎಳೆ ನನಗೆ ಚುಚ್ಚಿಲ್ಲ. ಇದರ ನಿಜವಾದ ತೊಂದರೆ ಸವೆತ. ಬ್ಯಾಗಿನ ಪಟ್ಟಿ ಉಜ್ಜುವ ಕಡೆ ಮೊದಲು ಬಟ್ಟೆ ತೆಳ್ಳಗಾಗುತ್ತದೆ, ಆಮೇಲೆ ಸಣ್ಣ ಸಣ್ಣ ತೂತು. ಅದಕ್ಕೆ ಭುಜದ ಮೇಲೆ ಹೊಲಿಗೆ ಬಾರದಂತೆ ಅದನ್ನು ಎದೆಯ ಕಡೆ ಇಳಿಸುತ್ತೇನೆ, ಭುಜಕ್ಕೆ ಇನ್ನೊಂದು ಪದರ ಕೊಡುತ್ತೇನೆ. ಸೂಜಿಯ ತುದಿ ದುಂಡಗಿರಬೇಕು. ಚೂಪಾದ ಸೂಜಿ ಹೆಣಿಗೆಯ ಎಳೆಯನ್ನೇ ಕತ್ತರಿಸುತ್ತದೆ. ಹತ್ತಿ ದಾರ ಬಟ್ಟೆ ಜಗ್ಗಿದಾಗ ಪಟ್ ಅಂತ ಹರಿಯುತ್ತದೆ, ರೇಷ್ಮೆ ದಾರ ತಾಳುತ್ತದೆ.

ಹೊರ ಜಾಕೆಟ್ಟಿಗೆ ವೆಂಟೈಲ್ ಹತ್ತಿಯನ್ನೂ, ಪ್ಲಾಸ್ಟಿಕ್ ಪೊರೆ ಇರುವ ಮಳೆ ಜಾಕೆಟ್ಟನ್ನೂ ಬಳಸಿದ್ದೇನೆ. ಎರಡನೇ ಮಹಾಯುದ್ಧದ ಕಾಲದಲ್ಲಿ, ಸಮುದ್ರಕ್ಕೆ ಬಿದ್ದ ಬ್ರಿಟಿಷ್ ಪೈಲಟ್‌ಗಳು ಬದುಕಿ ಉಳಿಯಲಿ ಅಂತ ಮಾಡಿದ ಬಟ್ಟೆ ವೆಂಟೈಲ್. ಒದ್ದೆಯಾದ ಎಳೆಗಳು ಉಬ್ಬಿ ನೇಯ್ಗೆಯ ಸಂದುಗಳನ್ನು ಮುಚ್ಚುತ್ತವೆ. ಏರು ಹತ್ತುವಾಗ ಒಳಗೆ ಬೇಯುವುದಿಲ್ಲ, ಸರಬರ ಸದ್ದಿಲ್ಲ, ಬೆಂಕಿಯ ಕಿಡಿ ಬಿದ್ದರೆ ಕರಗಿ ತೂತಾಗುವುದಿಲ್ಲ. ತುಂತುರು, ಗಾಳಿ, ಮಂಜಿಗೆ ನಾನು ಇದನ್ನೇ ಹಾಕುತ್ತೇನೆ. ದಿನವಿಡೀ ಸುರಿಯುವ ಮಳೆಗೆ ಮಾತ್ರ ಪೊರೆಯ ಜಾಕೆಟ್ಟೇ ಸರಿ. ಒಂದೇ ಪದರದ ವೆಂಟೈಲ್ ಕೊನೆಗೆ ನೆನೆದು, ಭಾರವಾಗಿ ಬಿರುಸಾಗುತ್ತದೆ.

ಪ್ಯಾಂಟಿಗೆ ದಟ್ಟ ನೇಯ್ಗೆಯ ಹತ್ತಿ ಸಾಕು, ಒಳತೊಡೆಗೆ ಒಂದು ಚೌಕ ತುಂಡು ಸೇರಿಸಿದರೆ ಕಾಲು ಆರಾಮಾಗಿ ಎತ್ತಬಹುದು. ಸೊಂಟಕ್ಕೆ ಲಾಡಿ. ಓಟದ ಬಿಗಿ ಟೈಟ್ಸ್‌ಗೆ ಮಾತ್ರ ಎಲಾಸ್ಟೇನ್ (ರಬ್ಬರಿನಂತೆ ಹಿಗ್ಗುವ ಪ್ಲಾಸ್ಟಿಕ್ ನೂಲು) ಬಿಡಲು ಇನ್ನೂ ಆಗಿಲ್ಲ. ಬರೀ ಉಣ್ಣೆಯ ಟೈಟ್ಸ್ ಮಂಡಿಯ ಹತ್ತಿರ ಜೋಲುತ್ತದೆ.